ಹನ್ನೆರಡನೆಯ ಬಾಟಲಿ

ಕ್ಷೌರದಂಗಡಿಯ ಮುಂದಿನ ನಲ್ಲಿಯಿಂದ ಹಿಡಿದ ನೀರು ಗಾಜಿನ ಕೊಳವೆಯೊಳಗೆ ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದಾಗ ಅವನಿಗೆ ಶನಿವಾರದ ಉಪನ್ಯಾಸಕ್ಕೆ ಒಳ್ಳೆಯದೊಂದು ಮೊದಲ ವಾಕ್ಯ ಹೊಳೆಯಿತು. ದೇವರು ಜಗತ್ತಿನ ಒಳಗಿದ್ದಾನೆ ಎನ್ನುವವರು ಅರ್ಧ ಹೇಳಿದರು, ಜಗತ್ತಿನ ಆಚೆಗಿದ್ದಾನೆ ಎನ್ನುವವರು ಇನ್ನರ್ಧ ಹೇಳಿದರು, ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಎಷ್ಟು ಜನರಿಗಿದೆ? 'ಧೈರ್ಯ' ಎಂಬ ಮಾತಿನ ಹತ್ತಿರ ತುಸು ತಡೆದು ಸಭಿಕರ ಮೇಲೆ ಎಡದಿಂದ ಬಲಕ್ಕೆ ಕಣ್ಣಾಡಿಸಬೇಕು. ಅಭ್ಯಾಸಕ್ಕೆಂದು ಅಲ್ಲಿಯೇ ಕಣ್ಣಾಡಿಸಿದ. ಅಂಗಡಿಯ ಕುರ್ಚಿಯಲ್ಲಿ ಗಲ್ಲದ ತುಂಬ ನೊರೆ ಮೆತ್ತಿಸಿಕೊಂಡು ಕೂತಿದ್ದವನೊಬ್ಬ ಕನ್ನಡಿಯೊಳಗಿಂದ ತನ್ನನ್ನೇ ನೋಡುತ್ತಿರುವುದು ಕಂಡು, ಕೆಮ್ಮಿ, ಕೊಳವೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದ. ಸೊನ್ನೆ ಪಾಯಿಂಟ್ ನಾಲ್ಕು. ನೀರು ಶುದ್ಧೀಕರಣ ಕೇಂದ್ರದಿಂದ ಹೊರಟ ಕ್ಲೋರಿನ್ ಇಷ್ಟು ದೂರದ ಪೈಪುಗಳಲ್ಲಿ ಸುತ್ತಿ, ದಾರಿಯಲ್ಲಿ ಸಿಕ್ಕ ಕೊಳೆಯನ್ನೆಲ್ಲ ಕೊಂದು, ಇನ್ನೂ ಇಷ್ಟು ಉಳಿದಿದೆ ಎಂದು ಅರ್ಥ. ಉಳಿದಿಲ್ಲದಿದ್ದರೆ ಪರೀಕ್ಷೆಯ ಮಾತ್ರೆ ಹಾಕಿ ಎಷ್ಟು ಅಲುಗಿಸಿದರೂ ನೀರು ನೀರಿನ ಹಾಗೇ ಇರುತ್ತದೆ. ಹನ್ನೆರಡು ವರ್ಷಗಳಿಂದ ಪ್ರತಿ ಬುಧವಾರ ಹನ್ನೆರಡು ನಲ್ಲಿಗಳ ಮುಂದೆ ನಿಂತು ಈ ಗುಲಾಬಿಗಾಗಿ ಕಾಯುವುದು, ಆಮೇಲೆ ಒಂದೊಂದು ಬಾಟಲಿ ನೀರು ತುಂಬಿ ಲ್ಯಾಬಿಗೆ ಒಯ್ಯುವುದು ಅವನ ಕೆಲಸ.

ಹನ್ನೊಂದನೆಯ ಬಾಟಲಿ ತುಂಬಿ ಮುಚ್ಚಳ ತಿರುಗಿಸಿ ಪೆಟ್ಟಿಗೆಯಲ್ಲಿಟ್ಟ. ಪೆಟ್ಟಿಗೆಯಿಂದ ಹನ್ನೆರಡನೆಯದನ್ನು ತೆಗೆದು, ಎಡಗಾಲು ಎತ್ತಿ ಬಲಗಡೆ ಇಡುವಷ್ಟೂ ಸರಿಯದೆ, ಅದೇ ನಲ್ಲಿಯ ಕೆಳಗೆ ಹಿಡಿದ. ಹನ್ನೆರಡನೆಯ ನಲ್ಲಿ ಇರುವುದು ಇಲ್ಲಲ್ಲ. ಅಂಗಡಿಯ ಪಕ್ಕದಿಂದ ಗುಡ್ಡ ಹತ್ತುವ ನೂರ ಹನ್ನೆರಡು ಮೆಟ್ಟಿಲುಗಳ ತುದಿಯಲ್ಲಿ, ಪೈಪು ಮುಗಿಯುವಲ್ಲಿ, ಕೊನೆಯ ಮನೆಯ ಮುಂದೆ. ಆ ಕೊನೆಯ ಮನೆ ಅವನ ಅಕ್ಕನದು. ಹದಿನಾರು ವಾರಗಳಿಂದ ಅವನು ಮೆಟ್ಟಿಲು ಹತ್ತಿಲ್ಲ. ಮೊದಲನೆಯ ವಾರ ಮಂಡಿ ನೋವು ಎಂದುಕೊಂಡಿದ್ದ. ಮಂಡಿ ಅಂದು ನೋಯುತ್ತಲೂ ಇತ್ತು. ಎರಡನೆಯ ವಾರ ಮಂಡಿಗೆ ಏನೂ ಆಗಿರದಿದ್ದ ಕಾರಣ ಬೇರೆ ಆಧಾರ ಬೇಕಾಯಿತು. ಅದು ಅವನ ಉಪನ್ಯಾಸದಲ್ಲಿಯೇ ಸಿಕ್ಕಿತು: ಮೇಲಿನದೂ ಕೆಳಗಿನದೂ ಒಂದೇ ನೀರು. ಎಲ್ಲೆಡೆ ಒಂದೇ ಆಗಿರುವುದನ್ನು ಎಲ್ಲಿ ಹಿಡಿದರೇನು? ಇಷ್ಟು ದೊಡ್ಡ ತತ್ವ ಇಷ್ಟು ಸಣ್ಣ ಸೋಮಾರಿತನಕ್ಕೆ ಹೀಗೆ ಅಳತೆ ತೆಗೆದು ಹೊಲಿಸಿದಂತೆ ಒಪ್ಪಿದ್ದು ಅವನಿಗೇ ಸೋಜಿಗವೆನಿಸಿತ್ತು. ಅನುಮಾನ ಬಾರದಿರಲಿ ಎಂದು ಪುಸ್ತಕದಲ್ಲಿ ಹನ್ನೊಂದನೆಯ ನಲ್ಲಿಗೆ ಸೊನ್ನೆ ಪಾಯಿಂಟ್ ನಾಲ್ಕು ಬರೆದರೆ ಹನ್ನೆರಡನೆಯದಕ್ಕೆ ಮೂರು ಬರೆಯುತ್ತಿದ್ದ. ಕೊನೆಯ ನಲ್ಲಿಯಲ್ಲವೆ, ಸ್ವಲ್ಪ ಕಡಿಮೆಯಾದರೇ ಚೆಂದ. ಸುಳ್ಳಿನಲ್ಲಿಯೂ ಅವನಿಗೆ ಅಚ್ಚುಕಟ್ಟು ಬೇಕು.

"ಅಕ್ಕ ಹೇಗಿದಾರೆ ಸಾರ್ ಈಗ?" ಎಂದು ಒಳಗಿನಿಂದ ಕ್ಷೌರಿಕ ಕೇಳಿದ.

"ಚೆನ್ನಾಗಿದಾಳೆ," ಎಂದ ಅವನು. ಯಾರು ಯಾರ ಬಗ್ಗೆ ಕೇಳಿದರೂ ಬಾಯಿ ತಾನಾಗಿ ಹೇಳುವ ಉತ್ತರ ಅದು.

"ಹಾಗಾದ್ರೆ ಸರಿ. ಮೂರು ದಿನದಿಂದ ಹೊಟ್ಟೆ ಕೆಟ್ಟು ಮಲಗಿದಾರೆ ಅಂತ ಕೇಳಿದ್ದೆ. ಮೇಲಿನ ಏಳೆಂಟು ಮನೇಲೂ ಅದೇ ಅಂತೆ. ಬೇಕರಿ ಬ್ರೆಡ್ಡಿಂದಲೇ ಆಗಿದ್ದು ಅಂತ ನಿನ್ನೆ ಆರೋಗ್ಯ ಇಲಾಖೆಯವರು ಬಂದು ಅದಕ್ಕೆ ಬೀಗ ಹಾಕಿ ಹೋದ್ರಲ್ಲ, ನೋಡಲಿಲ್ವಾ?"

ಬಾಟಲಿ ತುಂಬಿ ಉಕ್ಕಿ ನೀರು ಅಂಗಿಯ ತೋಳಿನೊಳಗೆ ಹರಿಯುತ್ತಿದ್ದುದು ಅವನಿಗೆ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು. ನಲ್ಲಿ ನಿಲ್ಲಿಸಿದ. ಆಗಲೇ ಆ ನೀರನ್ನು ಚೆಲ್ಲಿ ಮೆಟ್ಟಿಲು ಹತ್ತಬಹುದಿತ್ತು. ಚೆಲ್ಲುವುದೇ ಸರಿ ಎಂದು ಮನಸ್ಸು ಹೇಳುತ್ತಿರುವಾಗಲೇ ಕೈ ಜೇಬಿನಿಂದ ಚೀಟಿ ತೆಗೆದು, ಹನ್ನೆರಡು ಎಂದು ಬರೆದು, ಬಾಟಲಿಗೆ ಅಂಟಿಸಿ, ನೀಟಾಗಿ ಒತ್ತಿತು. ಜೀಪಿನ ಚಾಲಕ ಆಚೆ ರಸ್ತೆಯಿಂದ ಹಾರ್ನ್ ಹೊಡೆದ. ತಡವಾಯಿತು ಎಂದುಕೊಂಡ. ತಡವಾಗಿರಲಿಲ್ಲ.

ಜೀಪಿನಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಕ್ಕನ ನಗು ನೆನಪಾಯಿತು. ನೆನಪಾಯಿತು ಎನ್ನುವುದೂ ತಪ್ಪು, ಹದಿನಾರು ವಾರಗಳಿಂದ ಅದು ಹೋಗಿಯೇ ಇರಲಿಲ್ಲ. ಗ್ರಂಥಾಲಯದ ಮಹಡಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಓದುಗರ ಕೂಟದಲ್ಲಿ ಅವನ ಮಾತಿಗೆ ಸ್ವಲ್ಪ ಹೆಸರಿತ್ತು. ಲ್ಯಾಬಿನಲ್ಲಿ ಅವನನ್ನು ಹಿಂದಿನಿಂದ 'ಸ್ವಾಮಿಗಳು' ಎಂದು ಕರೆಯುತ್ತಾರೆಂದು ಗೊತ್ತಿತ್ತು, ಗೊತ್ತಿಲ್ಲದವನ ಹಾಗಿರುವುದು ರೂಢಿಯಾಗಿತ್ತು, ಒಳಗೊಳಗೆ ಅದು ಹಿತವಾಗಿಯೂ ಇತ್ತು. ಹದಿನಾರು ವಾರಗಳ ಹಿಂದಿನ ಕೂಟಕ್ಕೆ ಅಕ್ಕ ಮೊದಲ ಸಲ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವನು ಕ್ಲೋರಿನ್ನಿನ ದೃಷ್ಟಾಂತ ಕೊಟ್ಟಿದ್ದ. ಅದು ಪ್ರತಿ ಹನಿಯಲ್ಲೂ ಇದೆ, ಹುಡುಕಿದರೆ ಕಾಣದು. ಪ್ರತಿ ಹನಿಯಲ್ಲೂ ತನ್ನ ಕೆಲಸ ಮುಗಿಸಿದ ಮೇಲೂ ಉಳಿದಿರುತ್ತದೆ. ವ್ಯಾಪಿಸಿಯೂ ಮೀರಿ ಉಳಿಯುವ ದೇವರೂ ಹಾಗೆಯೇ. ಚಪ್ಪಾಳೆ ಬಿದ್ದಿತ್ತು. ಆಗ ನಿವೃತ್ತ ರೇಖಾಗಣಿತದ ಮೇಷ್ಟ್ರು ಎದ್ದು, ಮಗ್ಗಿ ಕೇಳುವವರ ಹಾಗೆ ತೋರುಬೆರಳೆತ್ತಿ, "ಎಲ್ಲ ಸರಿ, ಕೆಲಸ ಮುಗಿದ ಮೇಲೂ ಉಳಿಯುತ್ತೆ ಅಂದ್ರಲ್ಲ, ಆ ಉಳಿದದ್ದು ಯಾತಕ್ಕೆ?" ಎಂದು ಕೇಳಿದರು. ಲ್ಯಾಬಿಗೆ ನಿನ್ನೆ ಮೊನ್ನೆ ಸೇರಿದವರೂ ನಿದ್ದೆಯಲ್ಲಿ ಹೇಳುವ ಉತ್ತರ ಅದಕ್ಕಿತ್ತು. ಅವನಿಗೆ ಹೊಳೆಯಲಿಲ್ಲ. ಅಷ್ಟು ಎತ್ತರಕ್ಕೆ ಏರಿ ನಿಂತವನಿಗೆ ಪೈಪು, ನಲ್ಲಿ ಎಂದು ಬಾಯಿ ಬಿಡಲು ನಾಚಿಕೆಯಾಗಿತ್ತೋ ಏನೋ. ಕಣ್ಣು ಅರ್ಧ ಮುಚ್ಚಿ, "ಅದು ಅವರವರ ಅನುಭವಕ್ಕೆ ಬಿಟ್ಟ ವಿಷಯ," ಎಂದಿದ್ದ.

ಅಕ್ಕ ನಕ್ಕುಬಿಟ್ಟಳು. ಕರವಸ್ತ್ರ ಬಾಯಿಗೊತ್ತಿಕೊಂಡರೂ ಮೂಗಿನಿಂದ ಹೊರಬಂದ ನಗು. ಏಳು ವರ್ಷದವನಿದ್ದಾಗ ಅಮ್ಮನ ಹೂವಿನ ಚಿತ್ರದ ಪಿಂಗಾಣಿ ಕಪ್ಪನ್ನು ಒಡೆದು, ಚೂರುಗಳನ್ನು ಒಲೆಯ ಹಿಂದೆ ತಳ್ಳಿ, ಇದೇ ರೀತಿ ಕಣ್ಣು ಅರ್ಧ ಮುಚ್ಚಿ, ಕಪ್ಪು ಮೊದಲಿನಿಂದಲೂ ಐದೇ ಇದ್ದದ್ದು ಎಂದು ಸಾಧಿಸಿದ್ದನಂತೆ. ಕೂಟ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ ಅವಳು ಅಷ್ಟೇ ಹೇಳಿದ್ದು: "ಬೇಜಾರು ಮಾಡ್ಕೋಬೇಡ ಕಣೋ. ನಿನ್ನ ಆ ಕಪ್ಪು ಒಡೆದಾಗಿನ ಮುಖ ನೋಡಿ ನಗು ಬಂತು." ಬೇಜಾರಿಲ್ಲ ಎಂದಿದ್ದ. ಅದರ ಮುಂದಿನ ಬುಧವಾರವೇ ಮಂಡಿ ನೋಯತೊಡಗಿತ್ತು.

ಲ್ಯಾಬಿನ ಮೇಡಂ ಪರೀಕ್ಷಾ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಅವನಿಗಾಗಿ ಕಾಯುತ್ತಿದ್ದರು. ಅವನಿಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ, ಹೊಗಳುವುದು ಇನ್ನೂ ಕಡಿಮೆ. ಇಂದು ಹೊಗಳಿದರು. ಗುಡ್ಡದ ಮೇಲಿನ ಮನೆಗಳಲ್ಲಿ ಕಾಯಿಲೆ ಬಿದ್ದ ವಿಷಯ ತಿಳಿದ ಕೂಡಲೇ ಆರೋಗ್ಯ ಇಲಾಖೆಯವರು ನೀರಿನ ಮೇಲೆ ಬೆರಳು ತೋರಿಸಿದರಂತೆ. ಮೇಡಂ ಈ ಪುಸ್ತಕ ತೆಗೆದು ತೋರಿಸಿದರಂತೆ. ಹದಿನಾರು ವಾರಗಳಲ್ಲಿ ಹನ್ನೆರಡನೆಯ ನಲ್ಲಿಯಲ್ಲಿ ಒಂದು ಸಲವೂ ಕ್ಲೋರಿನ್ ಕಡಿಮೆಯಾಗಿಲ್ಲ, ಬಾಟಲಿಯಲ್ಲಿ ಒಂದು ಕ್ರಿಮಿಯೂ ಬೆಳೆದಿಲ್ಲ. ಇನ್ನೇನು ಬೇಕು? ಮೇಲಿನವರು ಟ್ಯಾಂಕರಿನಲ್ಲಿ ಬೇರೆ ನೀರು ಕಳಿಸಿ ಎಂದು ಕೇಳಿದ್ದಕ್ಕೂ ಅಗತ್ಯವಿಲ್ಲ ಎಂದು ಬರೆದು ಕಳಿಸಿದ್ದಾಯಿತು. "ಬೇರೆಯವರದಾಗಿದ್ರೆ ಇನ್ನೊಂದು ಸಲ ಪರೀಕ್ಷೆ ಮಾಡಿಸ್ತಿದ್ದೆ," ಎಂದರು ಮೇಡಂ. "ನಿಮ್ಮ ಬಾಟಲಿಗಳನ್ನ ಕಣ್ಣು ಮುಚ್ಚಿ ನಂಬ್ತೀನಿ."

ನೆಲ ಬಾಯಿಬಿಟ್ಟು ನುಂಗಬಾರದೆ ಎನಿಸಿತು. ನೆಲಕ್ಕೆ ಅದರದೇ ಕೆಲಸಗಳಿದ್ದವು. ಹೇಳಿಬಿಡು, ಎಂದುಕೊಂಡ. ಬಾಯಿ ತೆರೆದ. ತೆರೆದ ಬಾಯಿಯಿಂದ ಏನಾದರೂ ಹೊರಬರಲೇಬೇಕಲ್ಲ, "ಶನಿವಾರ ಬರ್ತೀರಲ್ಲ ಮೇಡಂ, ಉಪನ್ಯಾಸಕ್ಕೆ?" ಎಂಬ ಮಾತು ಬಂತು. ಮೇಡಂ ನೋಡೋಣ ಎಂದರು. ವಿಷಯ ಏನು ಎಂದೂ ಸೌಜನ್ಯಕ್ಕೆ ಕೇಳಿದರು. ಎಲ್ಲದರ ಒಳಗೆ, ಎಲ್ಲದರ ಆಚೆಗೆ ಎಂದ. ಮುಂದಿನ ಭಾಗ ಎಂದ. ಹೇಳುತ್ತ ಹೇಳುತ್ತ ತನ್ನ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿರುವುದು ತಿಳಿದು, ಬಲವಂತವಾಗಿ ಅಗಲಿಸಿದ. ಕಣ್ಣಿಗೇನಾದರೂ ಬಿತ್ತೆ ಎಂದು ಮೇಡಂ ವಿಚಾರಿಸಿದರು. ಬೆಳಗಿನ ಹನ್ನೆರಡೂ ಬಾಟಲಿಗಳು ಒಳಗೆ ಹೋದವು. ನಾಳೆ ಹನ್ನೆರಡೂ ನಿರ್ಮಲವಾಗಿ ಹೊರಬರುತ್ತವೆ, ಅದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ.

ಊಟದ ಬಿಡುವಿನಲ್ಲಿ ಡಬ್ಬಿಯ ಮುಚ್ಚಳ ತೆರೆದು ಮತ್ತೆ ಹಾಕಿದ. ಅಕ್ಕ ಮೂರು ದಿನದಿಂದ ಮಲಗಿದ್ದಾಳೆ. ನೀರು ನಿಜವಾಗಿಯೂ ಸರಿಯಿದ್ದರೆ? ಇರಬಹುದಲ್ಲ, ಬ್ರೆಡ್ಡೇ ಕೆಟ್ಟಿರಬಹುದಲ್ಲ? ಬೇಕರಿಯವನ ಬ್ರೆಡ್ಡು ಕೆಟ್ಟಿರಲಿ ಎಂದು ತಾನು ಮನಸಾರೆ ಆಸೆಪಡುತ್ತಿರುವುದು ಗಮನಕ್ಕೆ ಬಂದು ಅಸಹ್ಯವಾಯಿತು. ಆಸೆ ಮಾತ್ರ ಹೋಗಲಿಲ್ಲ. ಗಾಜಿನ ಕೊಳವೆಗಳು, ಮಾತ್ರೆಗಳ ಎರಡು ಪಟ್ಟಿ, ಬಣ್ಣದ ಪಟ್ಟಿ ಜೇಬಿಗೆ ಹಾಕಿಕೊಂಡು ನಡೆದೇ ಹೊರಟ. ಜೀಪಿನವನಿಗೆ ಹೇಳಿದ್ದರೆ ಬರುತ್ತಿದ್ದ, ಆದರೆ ಯಾಕೆ ಎಂದು ಕೇಳುತ್ತಿದ್ದ. ಇಪ್ಪತ್ತು ನಿಮಿಷದ ಬಿಸಿಲಿನ ದಾರಿಯಲ್ಲಿ ದೇವರು ಪ್ರತಿ ಕಲ್ಲಿನಲ್ಲೂ ಗೋಡೆಯಲ್ಲೂ ಇದ್ದ, ಇವನೇ ಅನೇಕ ಸಲ ಹೇಳಿದ ಹಾಗೆ. ಆ ದೇವರುಗಳಲ್ಲಿ ಒಬ್ಬನೂ ಇವನತ್ತ ಕಣ್ಣೆತ್ತಿ ನೋಡಲಿಲ್ಲ.

ಬೇಕರಿಯ ಕಬ್ಬಿಣದ ಶಟರಿಗೆ ಹೊಸ ಬೀಗ, ಅದರ ಮೇಲೆ ಮೊಹರು. ಬೇಕರಿಯವನು ಸ್ವಂತ ಅಂಗಡಿಯ ಮೆಟ್ಟಿಲ ಮೇಲೆ ಗಿರಾಕಿಯ ಹಾಗೆ ಕೂತಿದ್ದ. ಇವನನ್ನು ಕಂಡು ಎದ್ದು ನಿಂತ. ಅದೇ ಇವನನ್ನು ಕೊಂದಿದ್ದು. ಮೂರನೆಯ ಸಾಲಿನಲ್ಲಿ ಕೂತು ಇವನ ಎಲ್ಲ ಉಪನ್ಯಾಸಗಳನ್ನೂ ತಲೆಯಾಡಿಸುತ್ತ ಕೇಳಿದ ಮನುಷ್ಯ ಅವನು. ಚಪ್ಪಾಳೆ ಶುರು ಮಾಡುವವನೂ ಬಹುಮಟ್ಟಿಗೆ ಅವನೇ. ಮಾತಾಡದೆ ದಾಟಿಹೋಗಲು ನೋಡಿದರೂ ಆಗಲಿಲ್ಲ. ಬೇಕರಿಯವನು ಇಲಾಖೆಯವರನ್ನು ಬೈಯಲಿಲ್ಲ, ಯಾರನ್ನೂ ದೂರಲಿಲ್ಲ. ನಿನ್ನೆ ರಾತ್ರಿಯೆಲ್ಲ ಒಂದೇ ಯೋಚನೆಯಂತೆ: ಹಿಟ್ಟು ಜರಡಿ ಹಿಡಿದದ್ದು, ತಟ್ಟೆ ತೊಳೆದದ್ದು, ಒಲೆ ಕಾಯಿಸಿದ್ದು, ಎಲ್ಲಿ ತಪ್ಪಿತು, ಎಲ್ಲಿ ತಪ್ಪಿತು ಎಂದು.

"ನನ್ನ ಕೈಯಲ್ಲಿ ತಪ್ಪಾಗಿಲ್ಲ ಅಂತಲೇ ಅಂದ್ಕೊಂಡಿದ್ದೆ ಸಾರ್. ಆದ್ರೆ ನೀರು ಸರಿಯಿದೆ ಅಂತ ನಿಮ್ಮ ಪುಸ್ತಕದಲ್ಲೇ ಇದೆಯಂತಲ್ಲ. ನೀವು ಬರೆದದ್ದು ಅಂದ್ಮೇಲೆ ಮುಗೀತು. ತಪ್ಪು ನನ್ನದೇ ಇರಬೇಕು."

ಏನಾದರೂ ಹೇಳಬೇಕಿತ್ತು. ಬರುತ್ತೇನೆ ಎಂದಷ್ಟೇ ಹೇಳಿ ಮೆಟ್ಟಿಲುಗಳ ಕಡೆ ತಿರುಗಿದ. ಹತ್ತುತ್ತ ಎಣಿಸಿದ. ಮೂವತ್ತರ ಹತ್ತಿರ ಮಂಡಿ, ಈ ಸಲ ಯಾವ ನೆಪವೂ ಇಲ್ಲದೆ, ಪ್ರಾಮಾಣಿಕವಾಗಿ ನೋಯತೊಡಗಿತು. ಅರವತ್ತೆಂಟನೆಯ ಮೆಟ್ಟಿಲಿನಲ್ಲಿ ಕಲ್ಲುಗಳ ಸಂದಿಯಿಂದ ನೀರು ಜಿನುಗುತ್ತಿತ್ತು. ಪೈಪು ಹೋಗಿದ್ದುದು ಅದರ ಕೆಳಗೇ. ಪಕ್ಕದಲ್ಲಿಯೇ ಮನೆಗಳ ಬಚ್ಚಲು ನೀರಿನ ಚರಂಡಿ, ಅದರ ಒಂದು ಬದಿ ಕುಸಿದು ಕಪ್ಪು ನೀರು ನಿಂತಿತ್ತು. ಹೊಸದಾಗಿ ಒಡೆದದ್ದಲ್ಲ, ಜಿನುಗುವಲ್ಲಿ ಪಾಚಿ ಕಟ್ಟಿತ್ತು. ಪಾಚಿ ಕಟ್ಟಲು ಎಷ್ಟು ವಾರ ಬೇಕು? ಪ್ರತಿ ಬುಧವಾರ ಒಬ್ಬ ಮನುಷ್ಯ ಈ ಮೆಟ್ಟಿಲು ಹತ್ತಿ ಹೋಗಿದ್ದರೆ, ಅವನೆಷ್ಟೇ ದಡ್ಡನಾಗಿರಲಿ, ಎಷ್ಟೇ ದೇವರ ಧ್ಯಾನದಲ್ಲಿರಲಿ, ಅವನ ಬೂಟಾದರೂ ಇಲ್ಲಿ ಒದ್ದೆಯಾಗುತ್ತಿತ್ತು. ಅವನು ಆ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ನಿಂತ. ಬೂಟು ಒದ್ದೆಯಾಯಿತು.

ಹನ್ನೆರಡನೆಯ ನಲ್ಲಿಯ ಬಳಿ ಕೊಳವೆ ತುಂಬಿದ. ನೀರು ನೋಡಲು ತಿಳಿಯಾಗಿಯೇ ಇತ್ತು. ಮಾತ್ರೆ ಹಾಕಿ ಅಲುಗಿಸಿದ. ಬಿಳಿಯ ಪುಡಿ ಕರಗಿತು, ಅಷ್ಟೆ. ಒಂದು ನಿಮಿಷ ಕಾದ. ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ, ಅಂಗಿಯ ಬಿಳಿ ಜೇಬಿನ ಮುಂದೆ ಹಿಡಿದ. ಮಾತ್ರೆ ಹಳೆಯದಿರಬಹುದೆಂದು ಇನ್ನೊಂದು ಪಟ್ಟಿಯಿಂದ ಹೊಸದನ್ನು ಹಾಕಿ ಮತ್ತೊಂದು ಕೊಳವೆ ನೋಡಿದ. ಸ್ವಲ್ಪ, ಒಂದಿಷ್ಟು, ಕಣ್ಣಿಗೆ ಭ್ರಮೆ ಎನಿಸುವಷ್ಟಾದರೂ ಗುಲಾಬಿ ಬರಲಿ ಎಂದು ಬೇಡಿಕೊಂಡ. ಇಷ್ಟು ವರ್ಷ ದೇವರ ಬಗ್ಗೆ ಮಾತಾಡಿದವನು ದೇವರ ಜೊತೆ ಮಾತಾಡಿದ್ದು ಇದೇ ಮೊದಲು ಎಂದು ಆಗ ಹೊಳೆಯಿತು, ಅದೂ ಅಕ್ಕ ಗುಣವಾಗಲಿ ಎಂದಲ್ಲ, ತನ್ನ ಪುಸ್ತಕ ನಿಜವಾಗಲಿ ಎಂದು. ಎರಡನೆಯ ಕೊಳವೆಯಲ್ಲಿಯೂ ನೀರು ನೀರಾಗಿಯೇ ಇತ್ತು. ಎಲ್ಲೆಡೆ ಇರುವುದು ಇಲ್ಲಿ ಇರಲಿಲ್ಲ.

ಅದೇ ಕ್ಷಣದಲ್ಲಿ, ಹೇಳಲು ನಾಚಿಕೆ, ಅವನಿಗೆ ಒಂದು ಉಪಾಯವೂ ಹೊಳೆಯಿತು. ಇವತ್ತೇ ಸೊನ್ನೆಯಾಯಿತು ಎಂದರಾಯಿತು. ಬೆಳಿಗ್ಗೆ ಸರಿಯಿತ್ತು; ಯಾಕೋ ಮನಸ್ಸಿಗೆ ಸಮಾಧಾನವಾಗದೆ ಊಟ ಬಿಟ್ಟು ಮತ್ತೊಮ್ಮೆ ಹತ್ತಿ ನೋಡಿದೆ; ಪೈಪು ಒಡೆದದ್ದು ಕಂಡೆ. ನೀರು ನಿಲ್ಲುತ್ತದೆ, ಬೇಕರಿಯ ಬೀಗ ತೆಗೆಯುತ್ತಾರೆ, ಯಾರಿಗೂ ನಷ್ಟವಿಲ್ಲ. ಮೇಡಂ ಇನ್ನೊಂದು ಸಲ ಹೊಗಳುತ್ತಾರೆ. ಪಾಚಿಯನ್ನು ಯಾರು ಪರೀಕ್ಷಿಸುತ್ತಾರೆ? ಉಪಾಯ ಎಷ್ಟು ಸಲೀಸಾಗಿತ್ತೆಂದರೆ ಶನಿವಾರದ ಮಾತಿನಲ್ಲಿ ಈ ಪ್ರಸಂಗವನ್ನು ಎಲ್ಲಿ ಸೇರಿಸಬಹುದು ಎಂದೂ ಅವನು ಯೋಚಿಸಿಬಿಟ್ಟಿದ್ದ: ಅಂತರಂಗದ ಪ್ರೇರಣೆ ಎಂಬ ಭಾಗದಲ್ಲಿ.

"ಯಾರದು, ನಲ್ಲಿ ಹತ್ರ?" ಎಂದು ಕಿಟಕಿಯೊಳಗಿನಿಂದ ಕ್ಷೀಣವಾದ ದನಿ ಬಂತು.

"ನಾನು."

"ಬಾಗಿಲು ಮುಂದೆ ಮಾಡಿದೆ ಅಷ್ಟೆ. ಬಾ."

ಒಂದೇ ಕೋಣೆ, ಅದರಾಚೆ ಅಡುಗೆಯ ಜಾಗ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಶಾಲೆಯ ಸಮವಸ್ತ್ರದ ತೋಳೊಂದು ಅರ್ಧಕ್ಕೆ ನಿಂತಿತ್ತು. ನೂರಾರು ಜನರಿಗೆ ಅಳತೆ ತೆಗೆದು ಹೊಲಿದು, ಯಾರ ಹಂಗೂ ಇಲ್ಲದೆ ಬದುಕಿದವಳು ಅಕ್ಕ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖ ಬತ್ತಿಹೋಗಿ ಅಮ್ಮನ ಕೊನೆಯ ದಿನಗಳ ಮುಖದ ಹಾಗೆ ಕಂಡಿತು. ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ಒಂದು ಹೂಜಿ, ಒಂದು ಲೋಟ, ಡಾಕ್ಟರು ಕೊಟ್ಟ ಉಪ್ಪು ಸಕ್ಕರೆ ಪುಡಿಯ ಹರಿದ ಪೊಟ್ಟಣಗಳು. ಚೆನ್ನಾಗಿ ನೀರು ಕುಡಿಯಬೇಕು ಅಂದಿದ್ದಾರೆ ಡಾಕ್ಟರು ಎಂದಳು. ಅದಕ್ಕೇ ಗಂಟೆಗೊಂದು ಲೋಟದ ಹಾಗೆ ಪುಡಿ ಬೆರೆಸಿ ಕುಡಿಯುತ್ತಿದ್ದಾಳಂತೆ. ಆದರೂ ನಿಲ್ಲುತ್ತಿಲ್ಲವಂತೆ. ಅವನು ಹೂಜಿಯ ಕಡೆ ನೋಡಿದ. ಯಾವ ನೀರು ಎಂದು ಕೇಳಿದ. ಯಾವ ನೀರು ಅಂದರೆ, ನಲ್ಲಿ ನೀರು, ಎಂದಳು ಅಕ್ಕ. ಹೊಟ್ಟೆ ಕೆಟ್ಟ ಮೇಲೆ, ನೀರು ಸರಿಯಿದೆ ಅಂತ ನಿಮ್ಮವರು ಬಂದು ಚೀಟಿ ಅಂಟಿಸಿ ಹೋಗುವವರೆಗೂ ಕಾಯಿಸಿ ಕುಡಿಯುತ್ತಿದ್ದಳಂತೆ. ನಿನ್ನೆಯಿಂದ ಹಾಗೆಯೇ.

ಅವನು ಲೋಟವನ್ನು ಅವಳ ಕೈಗೆಟಕದ ಹಾಗೆ ತೆಗೆದಿಟ್ಟ. ಹೂಜಿಯನ್ನೆತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದ. ಪೂರ್ತಿ ಸುರಿದ ಮೇಲೂ ಅದನ್ನು ಬೋರಲಾಗಿ ಹಿಡಿದುಕೊಂಡೇ ನಿಂತಿದ್ದ. ಉಪಾಯ ಆಗಲೂ ಹೋಗಿರಲಿಲ್ಲ. ಈಗ ಹೇಳು, ಇವತ್ತೇ ಕೆಟ್ಟಿತು ಅಂತ ಹೇಳು, ಎಂದು ಕಿವಿಯ ಹಿಂದೆ ಪಿಸುಗುಡುತ್ತಿತ್ತು. ಅವನು ತಿರುಗಿ ಬಂದಾಗ ಅಕ್ಕ ಅವನನ್ನೇ ನೋಡುತ್ತಿದ್ದಳು.

"ಬುಧವಾರ ಬುಧವಾರ ಆ ಕಿಟಕೀಲಿ ಕೂತು ಗುಂಡಿ ಹಾಕ್ತಿದ್ದೆ," ಎಂದಳು. "ನೀನು ಬಂದ್ರೆ ಕಾಣಲಿ ಅಂತ. ನಾನು ನಕ್ಕಿದ್ದಕ್ಕೆ ಕೋಪ ಮಾಡ್ಕೊಂಡು ಬೇರೆ ಯಾರನ್ನೋ ಕಳಿಸ್ತಿದೀಯ, ಅವರು ನಾನು ಸ್ನಾನಕ್ಕೆ ಹೋದಾಗ ಬಂದು ಹೋಗ್ತಿದಾರೆ ಅಂದ್ಕೊಂಡೆ. ಒಂದು ವಾರ ಸ್ನಾನಾನೂ ಮುಂದಕ್ಕೆ ಹಾಕಿದೆ. ಯಾರೂ ಬರಲಿಲ್ಲ."

ಅವನ ಕಣ್ಣು ಅರ್ಧ ಮುಚ್ಚಿಕೊಳ್ಳತೊಡಗಿತ್ತು. ಅಕ್ಕ ಅದನ್ನು ನೋಡುತ್ತಿದ್ದಾಳೆಂದು ಗೊತ್ತಾಯಿತು. ಅವಳು ನಗುತ್ತಾಳೆ ಎಂದುಕೊಂಡ. ನಗಲಿ, ಎಂದು ಆಸೆಯಿಂದ ಕಾದ. ಅವಳು ನಗಲಿಲ್ಲ. ಆ ನಗದಿರುವ ಮುಖವನ್ನು ನೋಡಲಾಗದೆ ಅವನು ಹೇಳಿದ. ಕ್ಷೌರದಂಗಡಿ, ಒಂದೇ ನಲ್ಲಿ, ಎರಡು ಬಾಟಲಿ, ಹದಿನಾರು ವಾರ. ಇವತ್ತು ಬೆಳಿಗ್ಗೆ ಕೂಡ, ಅವಳು ಮಲಗಿದ್ದಾಳೆಂದು ತಿಳಿದ ಮೇಲೆ ಕೂಡ. ನಾಲ್ಕರ ಬದಲು ಮೂರು ಬರೆದದ್ದನ್ನೂ ಬಿಡಲಿಲ್ಲ. ಎಲ್ಲ ಸೇರಿ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವನ ಜೀವನದಲ್ಲಿ ಇಷ್ಟು ಚಿಕ್ಕದಾಗಿ, ಎಲ್ಲೂ ತಡೆಯದೆ, ಯಾರ ಮೇಲೂ ಕಣ್ಣಾಡಿಸದೆ ಮಾತಾಡಿದ್ದೇ ಇಲ್ಲ.

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಿನ್ನ ದೇವರು ಎಲ್ಲಾ ಕಡೆ ಇದಾನೆ," ಎಂದಳು. "ನಿನಗೆ ಮಾತ್ರ ನೂರು ಮೆಟ್ಟಿಲು ಹತ್ತೋಕಾಗ್ಲಿಲ್ಲ."

ನೂರ ಹನ್ನೆರಡು ಎಂದು ತಿದ್ದುವ ಮಾತು ಬಾಯಿಗೆ ಬಂತು. ನಾಲಿಗೆ ಕಚ್ಚಿಕೊಂಡ.

"ಆವತ್ತು ಆ ಮೇಷ್ಟ್ರು ಕೇಳಿದ್ರಲ್ಲ, ಉಳಿದದ್ದು ಯಾತಕ್ಕೆ ಅಂತ. ಯಾತಕ್ಕೆ?"

"ದಾರೀಲಿ ಎಲ್ಲಾದ್ರೂ ಪೈಪ್ ಒಡೆದು ಕೊಳೆ ಸೇರಿಕೊಂಡ್ರೆ, ಅದನ್ನ ಕೊಲ್ಲೋಕೆ. ಕೊನೇ ಮನೆ ಮುಟ್ಟೋವರೆಗೂ ಇರಲಿ ಅಂತ ಜಾಸ್ತಿ ಹಾಕಿರ್ತೀವಿ ಅಕ್ಕ. ಬೇರೇನಿಲ್ಲ."

"ಇಷ್ಟೇನಾ?" ಎಂದಳು. "ಇಷ್ಟು ಚೆನ್ನಾಗಿರೋದನ್ನ ಅವತ್ತೇ ಹೇಳಬಾರದಿತ್ತಾ?"

ಅವನಿಗೆ ಅಳು ಬಂತು. ಅತ್ತ. ಅಳುವಾಗಲೂ ತನ್ನೊಳಗಿನ ಇನ್ನೊಬ್ಬ ಪಕ್ಕದಲ್ಲಿ ನಿಂತು, ಪಶ್ಚಾತ್ತಾಪ ನಿನಗೆ ಚೆನ್ನಾಗಿ ಒಪ್ಪುತ್ತದೆ ಎಂದು ಮೆಚ್ಚಿ ತಲೆದೂಗುತ್ತಿದ್ದ. ಅವನನ್ನು ಓಡಿಸುವ ದಾರಿ ಇವನಿಗೆ ಗೊತ್ತಿರಲಿಲ್ಲ. ಮೂಗು ಒರೆಸಿಕೊಂಡು, ಅಕ್ಕನ ಮುಂದೆಯೇ ಕೂತು ಮೇಡಂಗೆ ಫೋನ್ ಮಾಡಿದ. ಹನ್ನೆರಡನೆಯ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ, ಅರವತ್ತೆಂಟನೆಯ ಮೆಟ್ಟಿಲ ಕೆಳಗೆ ಪೈಪು ಒಡೆದಿದೆ, ಪಾಚಿ ಕಟ್ಟಿದೆ ಎಂದ. ಪಾಚಿ ಎನ್ನುವ ಮಾತಿನ ಜೊತೆ ಉಪಾಯವೂ ಸತ್ತಿತು. ಆಮೇಲೆ ಉಳಿದದ್ದನ್ನು ಹೇಳಿದ. ಎಷ್ಟು ವಾರ ಎಂದು ಮೇಡಂ ಕೇಳಿದರು. ಹೇಳಿದ. ಅವರು ಬೈಯಲಿಲ್ಲ. ಮೇಲಿನ ನೀರು ಈಗಲೇ ನಿಲ್ಲಿಸುತ್ತೇನೆ, ಸಂಜೆಗೆ ಟ್ಯಾಂಕರ್ ಕೆಳಗೆ ಬರುತ್ತದೆ, ಬೇಕರಿಯ ಬಗ್ಗೆ ಇಲಾಖೆಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಒಂದು ಮನೆಯೂ ಬಿಡದೆ ನೀವೇ ಹೋಗಿ ತಿಳಿಸಿ, ಎಂದರು. ನಾಳೆ ಬರುವುದು ಬೇಡ, ಪತ್ರ ಬರುತ್ತದೆ ಎಂದರು. ಶನಿವಾರದ ಸಭೆಯಲ್ಲಿ ಮೇಡಂಗಾಗಿ ಮನಸ್ಸಿನಲ್ಲೇ ಕಾದಿಟ್ಟಿದ್ದ ಮುಂದಿನ ಸಾಲಿನ ಕುರ್ಚಿ ಅವನ ಕಣ್ಣಿಗೆ ಕಟ್ಟಿತು. ಅದರಲ್ಲಿ ಈಗ ಯಾರೂ ಇರಲಿಲ್ಲ.

ಒಂಬತ್ತು ಮನೆಗಳ ಬಾಗಿಲು ತಟ್ಟಿದ. ನೀರಿನ ಇಲಾಖೆಯವನು, ನೀರು ಕುಡಿಯಬೇಡಿ, ನಾನು ಪರೀಕ್ಷೆ ಮಾಡಿರಲಿಲ್ಲ. ಮೊದಲ ಎರಡು ಬಾಗಿಲುಗಳಲ್ಲಿ 'ಪರೀಕ್ಷೆ ಆಗಿರಲಿಲ್ಲ' ಎಂದಿದ್ದ. ಮೂರನೆಯ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದ ಮುದುಕ, ಯಾಕೆ ಆಗಲಿಲ್ಲ, ಮಾಡುವವರು ಯಾರು ಎಂದು ನೇರವಾಗಿ ಕೇಳಿದ. ಆಮೇಲೆ 'ನಾನು' ಎಂದೇ ಹೇಳಿದ, ಮೊದಲ ಎರಡು ಮನೆಗಳಿಗೆ ತಿರುಗಿ ಹೋಗಿಯೂ ಹೇಳಿದ. ಒಬ್ಬಾಕೆ ಬಾಗಿಲನ್ನು ಮುಖದ ಮೇಲೆಯೇ ಹಾಕಿದಳು. ಇನ್ನೊಬ್ಬಾಕೆ, ಪಾಪ, ಉಪಕಾರವಾಯಿತು ಎಂದಳು. ಅದು ಬಾಗಿಲು ಹಾಕಿದ್ದಕ್ಕಿಂತ ಕಷ್ಟವಾಗಿತ್ತು.

ಟ್ಯಾಂಕರ್ ಬರಲು ಇನ್ನೂ ಮೂರು ಗಂಟೆಯಿತ್ತು. ಅಕ್ಕನಿಗೆ ಗಂಟೆಗೊಂದು ಲೋಟ ಬೇಕಿತ್ತು. ಅವನು ಅವಳ ಹಿತ್ತಾಳೆಯ ಕೊಡ ತೆಗೆದುಕೊಂಡು ಕೆಳಗಿಳಿದ. ಬೇಕರಿಯವನ ಮುಂದೆ ನಿಂತು, ನಿನ್ನ ಕೈಯಲ್ಲಿ ತಪ್ಪಾಗಿಲ್ಲ, ನನ್ನದು ಎಂದ. ಬೇಕರಿಯವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಎದ್ದು ನಿಂತಿದ್ದವನು ಮೆಲ್ಲಗೆ ಕುಳಿತುಕೊಂಡ, ಮುಖ ಬೇರೆ ಕಡೆ ತಿರುಗಿಸಿದ. ಇವನು ಕ್ಷೌರದಂಗಡಿಯ ನಲ್ಲಿಯ ಕೆಳಗೆ ಕೊಡ ಇಟ್ಟ. ರೂಢಿಯಂತೆ ಕೊಳವೆ ತೆಗೆದು, ಮಾತ್ರೆ ಹಾಕಿ, ನೋಡಿದ. ನಿಧಾನವಾಗಿ ಗುಲಾಬಿ. ಯಾವ ವಾಕ್ಯವೂ ಹೊಳೆಯಲಿಲ್ಲ.

ತುಂಬಿದ ಕೊಡ ಹೆಗಲ ಮೇಲೆ ಹೊತ್ತು ನೂರ ಹನ್ನೆರಡು ಮೆಟ್ಟಿಲು. ಹನ್ನೊಂದನೆಯ ನಲ್ಲಿಯ ನೀರು ಹನ್ನೆರಡನೆಯ ನಲ್ಲಿಗೆ ಹೋಗುತ್ತಿದೆ, ಹದಿನಾರು ವಾರಗಳಿಂದ ಪುಸ್ತಕದಲ್ಲಿ ಬರೆದದ್ದು ಇವತ್ತು ಒಂದು ಕೊಡದಷ್ಟು ನಿಜವಾಗುತ್ತಿದೆ ಎಂದು ಯೋಚಿಸಿದ. ಅದನ್ನೂ ಒಂದು ಒಳ್ಳೆಯ ಮಾತಾಗಿ ತಿದ್ದಲು ಹೊರಟಿದ್ದ, ಅಷ್ಟರಲ್ಲಿ ಅರವತ್ತೆಂಟನೆಯ ಮೆಟ್ಟಿಲ ಪಾಚಿಯ ಮೇಲೆ ಕಾಲು ಜಾರಿ, ಮಂಡಿಯೂರಿ, ಕಾಲು ಕೊಡದಷ್ಟು ನೀರು ತಲೆಯ ಮೇಲೆ ಸುರಿದುಕೊಂಡ. ಎದ್ದ. ಉಳಿದದ್ದನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದು ಹತ್ತಿದ.

ಅಕ್ಕ ಅವನ ಒದ್ದೆ ತಲೆ, ಹರಿದ ಪ್ಯಾಂಟಿನ ಮಂಡಿ ನೋಡಿ ಸರಿದು ಕೂತಳು. ಅವನು ಲೋಟಕ್ಕೆ ನೀರು ಬಗ್ಗಿಸಿ, ಪುಡಿ ಬೆರೆಸಿ, ಅವಳ ಕೈಗೆ ಕೊಟ್ಟ. ಅವಳು ಬಾಯಿಯ ಹತ್ತಿರ ಒಯ್ದು, ತಡೆದು, ಮೂಗು ಮುರಿದಳು.

"ಔಷಧಿ ವಾಸನೆ ಬರ್ತಿದೆಯಲ್ಲೋ."

"ಹೌದು ಅಕ್ಕ," ಎಂದ. "ಇಲ್ಲಿವರೆಗೂ ಬರಬೇಕು."

ಅವಳು ಕುಡಿದಳು. ಅವನು ಖಾಲಿ ಲೋಟವನ್ನು ತೆಗೆದಿಟ್ಟು, ಕೊಡದಲ್ಲಿ ಉಳಿದದ್ದನ್ನು ಹೂಜಿಗೆ ತುಂಬಿಸಿ, ಪಕ್ಕದ ಮನೆಯವರಿಗೆ ತರಲು ಕೊಡ ಹಿಡಿದು ಮತ್ತೆ ಮೆಟ್ಟಿಲಿಳಿದ.